ಗೋರಿಯಲ್ಲಿ ಮಲಗುವ ಹಕ್ಕು

ಕುರುಮಾನಿ ಶಾಲೆ
14 ಅಕ್ಟೋಬರ್ 2017

ನನ್ನ ಗುಲಾಮ ಬೆಲ್ಕೊ ಸಿದಿಬೆಗೆ,

ನಿನ್ನ ಯಜಮಾನ ಜೆಜುಮಾ ಸಾನು ಹೊರಡಿಸುವ ಹುಕುಂ. ನೀನು ಹೆಡ್‌ಮಾಸ್ಟರಿಕೆ ಬಿಟ್ಟು ದೆದುಗುವಿನ ಶಿಕ್ಷಣ ಕಚೇರಿಗೆ ಸಾಹೇಬನಾಗಿ ಹೋದ ಮೇಲೆ ಈ ಶಾಲೆಯಲ್ಲಿ ಹುಳಿ ಹಾಲಿನ ವಾಸನೆ ಕಡಿಮೆಯಾಗಿದೆ. ನಿನ್ನ ಕುರ್ಚಿಯಲ್ಲಿ ಈಗ ಹೊಲ ಉಳುವ ಒಬ್ಬ ಬೊಬೊ ಕೂತಿದ್ದಾನೆ, ಅಂದರೆ ನಾನು. ಇಷ್ಟು ವರ್ಷ ದನ ಕಾಯುವ ಫುಲಾನಿ ಕೂತು ಕುರ್ಚಿಗೂ ದನದ ಬುದ್ಧಿ ಬಂದಿದೆ, ನಿಂತಲ್ಲಿ ನಿಲ್ಲುವುದಿಲ್ಲ. ಟವರಿನ ಬ್ಯಾಟರಿಯನ್ನು ಯಾರೋ ಕದ್ದ ಮೇಲೆ ಫೋನು ಸತ್ತಿದೆ, ಹಾಗಾಗಿ ಸಂತೆ ಲಾರಿಯ ಡ್ರೈವರನ ಕೈಯಲ್ಲಿ ಈ ಪತ್ರ. ಓದಲು ಬರದಿದ್ದರೆ ಯಾರಾದರೂ ಬೊಬೊನ ಕೈಲಿ ಓದಿಸಿಕೋ.

ಸುದ್ದಿ ಒಂದಿದೆ. ನಮಗೆ ಶಾಂತಿ ಕಲಿಸಲು ಯೂರೋಪಿನ ಸಂಸ್ಥೆಯೊಂದು ಸ್ವಯಂಸೇವಕಿಯನ್ನು ಕಳಿಸಿದೆ. ಹೆಸರು ಅಮ್ರಾ, ಊರು ಸರಾಯೆವೊ. ಬೋಸ್ನಿಯಾ ಎಂಬ ದೇಶ. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಜೊತೆಗೆ ನಾಲ್ಕು ಡಬ್ಬ ಬಣ್ಣ, ಒಂದು ಮೂಟೆ ಒಳ್ಳೆಯತನ. ಸೊಳ್ಳೆಗೆ ಹೆದರುವುದಿಲ್ಲ, ನಮ್ಮ ಮುದ್ದೆ ತಿನ್ನುತ್ತಾಳೆ, ಬಾವಿಯಿಂದ ತಾನೇ ನೀರು ಸೇದುತ್ತಾಳೆ. ಅಷ್ಟಕ್ಕೆ ಮೆಚ್ಚಿದೆ.

ಬಂದ ಮೊದಲ ಬೆಳಗ್ಗೆಯೇ ಗೇಟಿನ ಹತ್ತಿರ ನಮ್ಮ ಸಿಯಾಕನ ಮಗ ದೋಫಿನಿ ನಿನ್ನ ತಮ್ಮನ ಮಗಳು ಕುಂಬಾಳನ್ನು ತಡೆದು ನಿಲ್ಲಿಸಿದ. "ಏಯ್ ತೊತ್ತೇ, ನನ್ ಚೀಲ ಹೊತ್ಕೊಂಡ್ ಬಾ!" ಕುಂಬಾ ಬಿಡುತ್ತಾಳೆಯೇ? "ಮೊದ್ಲು ನಾಯಿ ತಿಂದ ಬಾಯಿ ತೊಳ್ಕೊಂಡ್ ಬಾರೋ ಗುಲಾಮ, ಆಮೇಲೆ ಯಜಮಾನ ಆಗೋವಂತೆ" ಅಂದಳು. ದೋಫಿನಿ ನಕ್ಕು ಜೇಬಿನಿಂದ ಹುರಿದ ಶೇಂಗಾ ತೆಗೆದು ಅರ್ಧ ಅವಳ ಬೊಗಸೆಗೆ ಸುರಿದ. ನಮ್ಮ ಅಮ್ರಾ ಬೈಗುಳ ಕೇಳಿದಳು, ಶೇಂಗಾ ನೋಡಲಿಲ್ಲ. ಬಿಳಿಚಿಕೊಂಡು ನನ್ನ ಕೋಣೆಗೆ ಓಡಿ ಬಂದಳು.

"ಮೇಷ್ಟ್ರೇ, ಅಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಗುಲಾಮ ಅಂತಿದಾರೆ!"

"ಅವ್ರು ಜಗಳ ಆಡ್ತಿಲ್ಲ ತಾಯಿ, ನೆಂಟಸ್ತನ ಮಾಡ್ತಿದಾರೆ."

"ಇದು ಯಾವ ನೆಂಟಸ್ತನ?"

"ನಮ್ದು."

ಕೂರಿಸಿ ಹೇಳಿದೆ. ಹೊಲದ ಬೊಬೊಗಳಿಗೂ ದನದ ಫುಲಾನಿಗಳಿಗೂ ಅಜ್ಜಂದಿರ ಕಾಲದ ಒಪ್ಪಂದ ಇದು. ನಾವು ಅವರನ್ನು ಗುಲಾಮ, ಹಾಲುಕುಡುಕ ಎನ್ನಬೇಕು, ಅವರು ನಮ್ಮನ್ನು ಗುಲಾಮ, ನಾಯಿ ತಿನ್ನುವವ ಎನ್ನಬೇಕು. ಯಾರಿಗೆ ಸಿಟ್ಟು ಬಂತೋ ಅವರು ಸೋತರು. ದನ ಹೊಲಕ್ಕೆ ನುಗ್ಗಿದರೂ ಮೊದಲು ಬೈಗುಳ, ಆಮೇಲೆ ನಗು, ಆಮೇಲೇ ನಷ್ಟದ ಮಾತು. ಈ ಊರಿನಲ್ಲಿ ದನಕ್ಕಾಗಿ ಒಂದು ಹೆಣವೂ ಬಿದ್ದಿಲ್ಲ. ನಿನ್ನ ಅಜ್ಜ ಸತ್ತಾಗ ಅವನಿಗೆಂದು ತೋಡಿದ ಗೋರಿಯೊಳಗೆ ನನ್ನ ಅಪ್ಪ ಹಾರಿ ಮಲಗಿದ್ದನ್ನೂ ಹೇಳಿದೆ. "ಇವ್ನು ನನ್ನ ಗುಲಾಮ! ನನಗೊಂದು ಮೇಕೆ ಕೊಡದೆ ಎಲ್ಲಿಗ್ ಹೋಗ್ತಾನೆ?" ಎಂದು ಕೂಗಿದ್ದು, ಅಳುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕಿದ್ದು, ನಿನ್ನ ಅಪ್ಪ ಬೈಯುತ್ತ ಮೇಕೆ ತಂದು ಕೊಟ್ಟ ಮೇಲೆ ನನ್ನ ಅಪ್ಪ ಎದ್ದು, ಮೈಯ ಮಣ್ಣು ಕೊಡವಿ, ಹೆಣಕ್ಕೆ ತಾನೇ ಹೆಗಲು ಕೊಟ್ಟಿದ್ದು.

"ಹೆಣದ ಮುಂದೆ ನಗ್ತೀರಾ?" ಅಂದಳು.

"ಬೊಬೊ ಬಂದು ಬೈಯದೆ ಫುಲಾನಿ ಮಣ್ಣಾದ್ರೆ ಅದು ಅನಾಥ ಹೆಣ ಕಣಮ್ಮ" ಅಂದೆ. ಅರ್ಥವಾಗಲಿಲ್ಲ ಅವಳಿಗೆ.

ನಿನ್ನ ಅಪ್ಪ ಸಾಂಬಾ ಮುದುಕ ಗಟ್ಟಿಯಾಗಿದ್ದಾನೆ. ಮೊನ್ನೆ ನಿಮ್ಮ ವುರೊದೇಬೊ ಹಟ್ಟಿಗೆ ಹೋಗಿ, "ಯಾವಾಗ ಸಾಯ್ತೀಯ ಮುದುಕ, ನನ್ನ ಮೇಕೆ ಕಾಯ್ತಾ ಇದೆ" ಅಂದೆ. "ಮೊದ್ಲು ಸ್ನಾನ ಮಾಡೋದು ಕಲಿ. ನಿನ್ನಂಥೋನು ಮಲಗಿ ಎದ್ದ ಗುಂಡೀಲಿ ನಾನ್ ಹೆಂಗ್ ಮಲಗ್ಲಿ?" ಅಂದ. ಒಂದು ಸೋರೆಬುರುಡೆ ಹಾಲು ಕೊಟ್ಟ. ನೀರು ಬೆರೆಸಿತ್ತು.

ನಿನ್ನ ಯಜಮಾನ,
ಜೆಜುಮಾ


ದೆದುಗು
11 ನವೆಂಬರ್ 2017

ನಾಯಿ ತಿನ್ನುವ ನನ್ನ ಗುಲಾಮ ಜೆಜುಮಾನಿಗೆ,

ಈ ಮೇಲಿನ ಸಾಲು ಬರೆಯಲು ನನಗೆ ಬಹಳ ಹೊತ್ತು ಬೇಕಾಯಿತು. ಯಾಕೆಂದು ಹೇಳುತ್ತೇನೆ.

ಹೋದ ವಾರ ತಪಾಸಣೆಗೆಂದು ಬಸ್ಸಿನಲ್ಲಿ ಹೋಗುತ್ತಿದ್ದೆ. ಉತ್ತರದ ಕಡೆ ಉಗ್ರರ ಹಾವಳಿ ಶುರುವಾಗಿ, ಫುಲಾನಿಗಳೆಲ್ಲ ಅವರ ಕಡೆಯವರೆಂಬ ಮಾತು ಹಬ್ಬಿದ ಮೇಲೆ ದಾರಿಯುದ್ದಕ್ಕೂ ಊರ ಕಾವಲು ಪಡೆಯ ಹುಡುಗರು ನಿಂತಿರುತ್ತಾರೆ. ಬಸ್ಸು ನಿಲ್ಲಿಸಿ ಫುಲಾನಿಗಳಂತೆ ಕಾಣುವ ಉದ್ದ ಮೂಗಿನವರನ್ನೆಲ್ಲ ಇಳಿಸಿದರು. ಒಬ್ಬ ನನ್ನ ಗುರುತಿನ ಚೀಟಿ ನೋಡಿದ. "ಸಿದಿಬೆ. ಫುಲಾನಿ. ಮಂಡಿ ಊರೋ ಗುಲಾಮ ನನ್ಮಗನೇ" ಅಂದ. ಮಾತಿನ ಧಾಟಿಯಲ್ಲೇ ಗೊತ್ತಾಯಿತು, ಬೊಬೊ ಹುಡುಗ. ನನಗೆ ಎಷ್ಟು ಸಮಾಧಾನವಾಯಿತು ಗೊತ್ತೆ? ನಮ್ಮವನು ಸಿಕ್ಕ ಅಂದುಕೊಂಡೆ. ನಕ್ಕು, "ಬೆಳಗ್ಗೆನೇ ಹೆಂಡ ಇಳಿಸಿದೀಯೇನೋ ಗುಲಾಮ? ನಿಮ್ಮಪ್ಪನಿಗೆ ಹೇಳ್ತೀನಿ ಇರು" ಅಂದೆ.

ಅವನು ಬಂದೂಕಿನ ಹಿಂಬದಿಯಿಂದ ಹೊಡೆದ. ಎಡಗಿವಿ ಈಗ ಅಷ್ಟಾಗಿ ಕೇಳುವುದಿಲ್ಲ.

ಜೆಜುಮಾ, ನೀನು ನನ್ನನ್ನು ಗುಲಾಮ ಎಂದಾಗ ನಿನ್ನ ಮುಖ ನನ್ನ ಮುಂದಿರುತ್ತದೆ. ಆದರೆ ಈಗ ಆ ಮಾತು ಕೇಳಿದರೆ ಮೊದಲು ಕಾಣುವುದು ಅವನ ಮುಖ. ನಾನೇನು ಮಾಡಲಿ?

ಆ ಹುಡುಗಿಯ ಸಂಸ್ಥೆಯಿಂದ ನನ್ನ ಮೇಜಿಗೆ ಒಂದು ಪ್ರಸ್ತಾವ ಬಂದಿದೆ. ಶಾಲೆಯಲ್ಲಿ ಜಾತಿ ಹಿಡಿದು ಬೈಯುವುದನ್ನು ನಿಲ್ಲಿಸಬೇಕು, ಮಕ್ಕಳಿಂದ ಶಾಂತಿ ಪ್ರತಿಜ್ಞೆ ಮಾಡಿಸಬೇಕು, ದೊಡ್ಡವರಿಗೂ ತರಬೇತಿ ಕೊಡಬೇಕು ಎಂದು. ನಾನಿನ್ನೂ ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಲಾರೆ.

ಅಪ್ಪನನ್ನು ನೋಡಿಕೋ.

ಬೆಲ್ಕೊ


ಕುರುಮಾನಿ ಶಾಲೆ
9 ಡಿಸೆಂಬರ್ 2017

ಬೆಲ್ಕೊ,

ಈ ಸಲ ನಿನ್ನನ್ನು ಬೈಯುವ ಹಾಗಿಲ್ಲವಂತೆ. ಆದೇಶ ಬಂದಿದೆ. ಕೆಳಗೆ ಸಹಿ ನಿನ್ನದು.

ನಿನ್ನ ಕಿವಿಗೆ ಹೊಡೆದವನು ನಮ್ಮವನು ಎಂದು ಓದಿದೆ. ಅವನು ಯಾವ ಊರವನು ಹೇಳು, ಅವನ ಅಪ್ಪನ ಮುಂದೆ ನಿಂತು ಕೇಳುತ್ತೇನೆ. ಅವನು ನಮ್ಮ ಮಾತನ್ನು ಕದ್ದವನು. ಕಳ್ಳ ಸಿಗಲಿಲ್ಲವೆಂದು ಮನೆಯವರ ಬಾಯಿಗೆ ಬೀಗ ಹಾಕುತ್ತೀಯಾ? ಬೀಗ ಹಾಕಬೇಕಾದ್ದು ಆ ಬಂದೂಕಿಗೆ. ಕುಂಬಾಳ ನಾಲಿಗೆಗೆ ಅಲ್ಲ.

ಸೋಮವಾರ ಪ್ರತಿಜ್ಞೆ ನಡೆಯಿತು. ಸಂಸ್ಥೆಯ ದೊಡ್ಡವರು ಕಾರಿನಲ್ಲಿ ಬಂದಿದ್ದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಂಗೈಗೆ ಬಣ್ಣ ಬಳಿದು ಶಾಲೆಯ ಗೋಡೆಗೆ ಒತ್ತಿಸಿದರು. ಒಂದು ಹಳದಿ ಕೈ ಬೊಬೊ, ಒಂದು ನೀಲಿ ಕೈ ಫುಲಾನಿ. "ನಾನು ನನ್ನ ಗೆಳೆಯನನ್ನು ಹೀಗಳೆಯುವುದಿಲ್ಲ" ಎಂದು ಎಲ್ಲರೂ ಕೂಗಿದರು. ಫೋಟೊ ತೆಗೆದರು. ಈವರೆಗೆ ಯಾವ ಮಗುವಿಗೂ ತನ್ನ ಕೈ ಯಾವ ಬಣ್ಣದ್ದೆಂದು ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಎಲ್ಲ ಮುಗಿದ ಮೇಲೆ ಕುಂಬಾ ಅಮ್ರಾಳ ಹತ್ತಿರ ಹೋದಳು. "ಮೇಡಂ, ದೋಫಿನಿ ನನ್ನ ತೊತ್ತು ಅನ್ಬಾರ್ದಾ?"

"ಇನ್ನು ಅನ್ನಲ್ಲ ಪುಟ್ಟಾ. ಯಾರೂ ಅನ್ನಲ್ಲ."

"ಮತ್ತೆ ನಾನ್ ಅವ್ನಿಗೆ ಏನಾಗ್ಬೇಕು?"

ಅಮ್ರಾ "ಗೆಳತಿ" ಅಂದಳು. ಕುಂಬಾ ಹೊರಟುಹೋದಳು. ಗೆಳೆತನ ಬಿಟ್ಟು ಹೋಗುವಂಥದ್ದು ಎಂದು ಒಂಬತ್ತು ವರ್ಷದ ಮಗುವಿಗೂ ಗೊತ್ತು ಮಾರಾಯ. ನೆಂಟಸ್ತನ ಬಿಟ್ಟರೂ ಬಿಡುವುದಿಲ್ಲ.

ಇವರಿಗೆ ನಿಜವಾಗಿ ಶಾಂತಿ ಬೇಕಿದ್ದರೆ ದನದ ದಾರಿ ಬಿಡಿಸಲಿ. ನಿಮ್ಮ ಹಟ್ಟಿಯಿಂದ ಹೊಳೆಗೆ ಹೋಗುವ ದಾರಿಗೆ ರಾಜಧಾನಿಯ ದೊಡ್ಡ ಮನುಷ್ಯನೊಬ್ಬ ಅಡ್ಡಬೇಲಿ ಹಾಕಿ ಮಾವು ನೆಟ್ಟಿದ್ದಾನಲ್ಲ, ದನ ಇನ್ನೆಲ್ಲಿಗೆ ಹೋಗಬೇಕು? ನಮ್ಮ ಹತ್ತಿ ಹೊಲಕ್ಕೇ. ನಾವಿಬ್ಬರೂ ಆ ಬೇಲಿಯ ವಿರುದ್ಧ ಅರ್ಜಿ ಕೊಟ್ಟಾಗ ಯಾವ ಸಂಸ್ಥೆಯೂ ಬಣ್ಣದ ಡಬ್ಬ ಹಿಡಿದು ಬರಲಿಲ್ಲ. ಬೇಲಿ ಕಿತ್ತರೆ ದೊಡ್ಡವರಿಗೆ ನೋವಾಗುತ್ತದೆ. ಮಕ್ಕಳ ನಾಲಿಗೆ ಕಿತ್ತರೆ ಫೋಟೊ ಚೆನ್ನಾಗಿ ಬರುತ್ತದೆ.

ನೀನು ಶಿಕ್ಷಕರ ಸಂಘದ ಮೆರವಣಿಗೆಯಲ್ಲಿ ನನ್ನ ಪಕ್ಕ ನಿಂತು ಲಾಠಿ ತಿಂದವನು. ಅವತ್ತು ನನ್ನನ್ನು ಬೆನ್ನ ಮೇಲೆ ಹೊತ್ತು ಓಡುವಾಗಲೂ ನೀನು, "ಎಷ್ಟ್ ಭಾರ ಇದೀಯೋ ಗುಲಾಮ, ಹೊಟ್ಟೇಲಿರೋ ನಾಯಿ ಇಳಿಸಿ ಬರೋಕಾಗಲ್ವಾ?" ಅಂದಿದ್ದೆ. ಆ ಮಾತಿನಿಂದಲೇ ನಾನು ಬದುಕಿದ್ದು, ನಿನ್ನ ಬೆನ್ನಿನಿಂದ ಅಲ್ಲ.

ಸಹಿ ಹಿಂತೆಗೆದುಕೋ.

ಜೆಜುಮಾ


ದೆದುಗು
28 ಡಿಸೆಂಬರ್ 2017

ಮಾನ್ಯ ಶ್ರೀ ಜೆಜುಮಾ ಸಾನು ಅವರಿಗೆ,

ನಿಮ್ಮ ಪತ್ರ ತಲುಪಿತು. ಆದೇಶವನ್ನು ಹಿಂತೆಗೆದುಕೊಳ್ಳುವ ಉದ್ದೇಶ ಇಲ್ಲ. ಹೊಡೆತ ತಿಂದವರಿಗೆ ಯಾವ ಮಾತು ನೋಯುತ್ತದೆ ಎಂದು ಹೊಡೆತ ತಿಂದವರೇ ಹೇಳಬೇಕು. ಈ ಮಾತನ್ನು ನನಗೆ ಸಂಘದಲ್ಲಿ ಕಲಿಸಿದವರು ನೀವೇ.

ನಿಮ್ಮ ಮನೆಯವರೆಲ್ಲ ಆರೋಗ್ಯದಿಂದ ಇದ್ದಾರೆಂದು ಭಾವಿಸುತ್ತೇನೆ.

ತಮ್ಮ ವಿಶ್ವಾಸಿ,
ಬೆಲ್ಕೊ ಸಿದಿಬೆ


ಕುರುಮಾನಿ
17 ಫೆಬ್ರವರಿ 2018

ಬೆಲ್ಕೊ,

ನಿನ್ನ ಪತ್ರದಲ್ಲಿದ್ದ "ನಿಮ್ಮ" ಎಂಬ ಮಾತನ್ನು ಓದಿ ಉತ್ತರ ಬರೆಯಬಾರದೆಂದು ಕೂತಿದ್ದೆ. ಈಗ ಬರೆಯಲೇಬೇಕಾಗಿದೆ.

ಬಿಡಿಸಿ ರಾಶಿ ಹಾಕಿದ್ದ ಸಿಯಾಕನ ಹತ್ತಿಗೆ ನಿಮ್ಮ ದನ ಬಾಯಿ ಹಾಕಿದವು. ಪ್ರತಿ ವರ್ಷದ ಕಥೆ. ಹಿಂದೆಲ್ಲ ಸಿಯಾಕ ಹೊಲದಿಂದಲೇ ಕೂಗುತ್ತ ಬರುತ್ತಿದ್ದ: "ಲೇ ಸಾಂಬಾ, ತೊತ್ತಿನ ಮಗನೇ, ನನ್ನ ಹಸುಗಳಿಗೆ ಹುಲ್ಲು ಹಾಕೋ ಯೋಗ್ಯತೆ ಇಲ್ವಾ ನಿಂಗೆ?" ಆ ಕೂಗು ಹಟ್ಟಿ ಮುಟ್ಟುವ ಹೊತ್ತಿಗೆ ನಿನ್ನ ಅಪ್ಪ ಹಾಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ. ಹಸು ಯಾರದು ಎಂದೇ ಅರ್ಧ ಹೊತ್ತು ವಾದ.

ಈ ಸಲ ಸಿಯಾಕ ಸಂಸ್ಥೆಯವರ ಶಾಂತಿ ಸಮಿತಿಯಲ್ಲಿ ತರಬೇತಿ ಪಡೆದಿದ್ದ. ಸದ್ದಿಲ್ಲದೆ ಹೋಗಿ ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ, ಹೇಳಿಕೊಟ್ಟ ಹಾಗೆಯೇ ಹೇಳಿದ: "ನಮಸ್ಕಾರ ಸಾಂಬಾ ಸಿದಿಬೆಯವರೇ. ನಿಮ್ಮ ದನ ನಮ್ಮ ಹತ್ತಿ ತಿಂದಿವೆ. ನಾವು ಕೂತು ಮಾತಾಡಬೇಕು."

ಬೊಬೊ ಒಬ್ಬ ಫುಲಾನಿಯನ್ನು "ನೀವು" ಅಂದ.

ನಿನ್ನ ಅಪ್ಪನ ಕೈಯಿಂದ ಹಾಲಿನ ಬುರುಡೆ ಜಾರಿತಂತೆ. ಸಿಯಾಕ ಬೆನ್ನು ತಿರುಗಿಸುತ್ತಿದ್ದ ಹಾಗೇ ಹಟ್ಟಿಯ ಹೆಂಗಸರು ಮಕ್ಕಳನ್ನು ಒಟ್ಟುಮಾಡಿದರು. "ಅವ್ರು ಬೈಲಿಲ್ಲ. ಅಂದ್ರೆ ತೀರ್ಮಾನ ಮಾಡ್ಕೊಂಡೇ ಬಂದವ್ರೆ" ಅಂದರಂತೆ. ಹುಡುಗರು ದೊಣ್ಣೆ ಹಿಡಿದು ದಾರಿ ಕಾದರು. ಮರುದಿನ ಸಿಯಾಕ, ಕೂತು ಮಾತಾಡಬೇಕು ಅಂದಿದ್ದನಲ್ಲ, ನಾಲ್ಕು ಜನರನ್ನು ಕರೆದುಕೊಂಡು ಹೊರಟ. ಅವರೂ ಸದ್ದಿಲ್ಲದೆಯೇ ನಡೆದರು. ಹಟ್ಟಿಯ ಹುಡುಗರು ಏನೆಂದುಕೊಳ್ಳಬೇಕು? ಸಿಯಾಕನ ತೋಳು ಮುರಿಯಿತು. ಸಂಜೆಗೆ ನಮ್ಮ ಕಡೆಯ ಪುಂಡರು ನಿಮ್ಮ ಎರಡು ಹಸುಗಳ ಹಿಂಗಾಲ ನರ ಕತ್ತರಿಸಿದರು.

ಈಗ ಹಟ್ಟಿಯ ಒಂದು ಮಗುವೂ ಶಾಲೆಗೆ ಬರುತ್ತಿಲ್ಲ. ಊರ ಕಾವಲು ಪಡೆಯವರು ನಮ್ಮನ್ನು ರಕ್ಷಿಸಲು ಬಂದಿದ್ದಾರಂತೆ. ಯಾರೂ ಕರೆದಿರಲಿಲ್ಲ. ಶಾಲೆಯಲ್ಲೇ ಇಳಿದುಕೊಂಡಿದ್ದಾರೆ. ಅಂಗೈಗಳ ಗೋಡೆಗೆ ಬಂದೂಕು ಒರಗಿಸಿಡುತ್ತಾರೆ. ನಾನು ನಮ್ಮ ಮಕ್ಕಳಿಗೆ ಹುಣಸೆ ಮರದ ಕೆಳಗೆ ಪಾಠ ಮಾಡುತ್ತೇನೆ. ದೋಫಿನಿ ತನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತಾನೆ.

ಅಮ್ರಾಳನ್ನು ಕರೆದೊಯ್ಯಲು ಸಂಸ್ಥೆಯ ಕಾರು ಬಂತು. ನಾನು ಹೋಗಲ್ಲ ಎಂದು ಹಟ ಹಿಡಿದಳು. ಇಲ್ಲಿ ಏನಾದರೂ ಆದರೆ ವಿಮೆ ಇಲ್ಲ ಎಂದರು, ಎಳೆದುಕೊಂಡು ಹೋದ ಹಾಗೆ ಕರೆದೊಯ್ದರು.

ನಿನ್ನ ಅಪ್ಪನನ್ನು ಅಲ್ಲಿಂದ ಕರೆದುಕೊಂಡು ಹೋಗು. ಕಾವಲಿನವರ ಮಾತು ನನ್ನ ಕಿವಿಗೆ ಬೀಳುತ್ತದೆ. ಹಟ್ಟಿ ಖಾಲಿಯಾದರೆ ಆ ನೆಲ ಯಾರಿಗೆ ಎಂಬ ಲೆಕ್ಕ ಶುರುವಾಗಿದೆ. ಮಾವಿನ ತೋಟದವನ ಜೀಪು ದಿನಾ ಬರುತ್ತಿದೆ.

ಜೆಜುಮಾ


ಸರಾಯೆವೊ
20 ಮಾರ್ಚ್ 2018

ಪ್ರೀತಿಯ ಜೆಜುಮಾ ಮೇಷ್ಟ್ರಿಗೆ,

ಹೇಗೆ ಶುರು ಮಾಡಬೇಕೆಂದು ತಿಳಿಯದು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಅಲ್ಲಿ ನಿಮಗೆ ಹೇಳಲಿಲ್ಲ, ಈಗ ಹೇಳುತ್ತೇನೆ.

ನಮ್ಮ ಕಟ್ಟಡದ ಕೆಳಗಿನ ಮನೆಯ ಮಾಮ ಮುಸ್ಲಿಮರಾದ ನನ್ನ ಅಪ್ಪನನ್ನು "ಏನಯ್ಯಾ ತುರ್ಕ" ಎಂದು ರೇಗಿಸುತ್ತಿದ್ದನಂತೆ. ಇಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಅಪ್ಪ ನಗುತ್ತಿದ್ದರು. ಆಮೇಲೆ ಯುದ್ಧ ಶುರುವಾಗಿ ಒಂದು ದಿನ ಅದೇ ಮಾಮ ಅದೇ ಮಾತನ್ನು ಸಮವಸ್ತ್ರ ತೊಟ್ಟು ಬಂದು ಹೇಳಿದ. ಅಪ್ಪ ಆವತ್ತೂ ನಕ್ಕರಂತೆ, ತಮಾಷೆ ಎಂದುಕೊಂಡು. ಅಪ್ಪನ ಮೂಳೆಗಳು ನಮಗೆ ಹನ್ನೊಂದು ವರ್ಷದ ಮೇಲೆ ಸಿಕ್ಕವು. ನಾನು ಕೈಕೂಸಾಗಿದ್ದೆ. ಈ ಕಥೆ ಕೇಳುತ್ತಲೇ ಬೆಳೆದೆ. ಆ ಬೆಳಗ್ಗೆ ಗೇಟಿನಲ್ಲಿ ದೋಫಿನಿಯ ಮಾತು ಕೇಳಿದಾಗ ನನಗೆ ಕೇಳಿಸಿದ್ದು ಆ ಮಾಮನ ದನಿ.

ಆ ಅಂಗೈಗಳ ಗೋಡೆಯ ಚಿತ್ರವನ್ನು ಬಳಸಬೇಡಿ ಎಂದು ಸಂಸ್ಥೆಗೆ ಬರೆದೆ. ಅಲ್ಲಿ ಏನಾಯಿತೆಂದೂ ಬರೆದೆ. ಅವರು ವರ್ಷದ ವರದಿಯ ಮುಖಪುಟಕ್ಕೇ ಆ ಚಿತ್ರ ಹಾಕಿದ್ದಾರೆ.

ನನ್ನ ಮೇಲೆ ಕೋಪವಿದ್ದರೆ ಬೈಯಿರಿ. ನಿಮ್ಮ ಬೈಗುಳ ಬಂದರೆ ನನಗೆ ಸಮಾಧಾನವಾಗುತ್ತದೆ.

ಅಮ್ರಾ


ಕುರುಮಾನಿ
14 ಏಪ್ರಿಲ್ 2018

ಅಮ್ರಾ ಅವರಿಗೆ,

ನಿಮ್ಮ ತಂದೆಯ ವಿಷಯ ಓದಿದೆ. ಇದನ್ನು ನೀವು ಮೊದಲ ದಿನವೇ ಹೇಳಬೇಕಿತ್ತು. ನಾನೂ ಕೇಳಬೇಕಿತ್ತು.

ಒಂದೇ ಒಂದು ಪ್ರಶ್ನೆ. ಆ ಮಾಮ "ತುರ್ಕ" ಅಂದಾಗ ನಿಮ್ಮ ತಂದೆ ತಿರುಗಿ ಏನನ್ನುತ್ತಿದ್ದರು? ನಗುತ್ತಿದ್ದರು ಎಂದಿದ್ದೀರಿ. ಅಷ್ಟೇನಾ? ಹಾಗಿದ್ದರೆ ಅದು ನಮ್ಮದಲ್ಲ. ಒಬ್ಬನೇ ಬೈದು ಇನ್ನೊಬ್ಬ ನಗುವುದು ಬಂದೂಕಿನ ತಾಲೀಮು. ನಮ್ಮಲ್ಲಿ ಇಬ್ಬರಿಗೂ ಬಾಯಿ ಇತ್ತು. ಕುಂಬಾಳ ಬಾಯಿ ದೋಫಿನಿಯದಕ್ಕಿಂತ ದೊಡ್ಡದು. ಅದನ್ನೇ ನೀವು ಮುಚ್ಚಿದಿರಿ.

ಆದರೂ ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟುವಷ್ಟು ಹೇಡಿ ನಾನಲ್ಲ. ಬಂದೂಕು ನೀವು ತಂದದ್ದಲ್ಲ, ಬೇಲಿ ನೀವು ಹಾಕಿದ್ದಲ್ಲ. ಅವು ಬರುವಾಗ ನಮಗೆ ಅಡ್ಡ ನಿಲ್ಲಲು ಇದ್ದದ್ದು ಅದೊಂದೇ ನಗು. ಅದನ್ನು ನೀವು ಬಣ್ಣ ಬಳಿದು ಅಳಿಸಿದಿರಿ, ಅಷ್ಟೆ. ಅಷ್ಟೆ ಎಂದರೆ ಕಡಿಮೆಯೇನಲ್ಲ.

ಏನಾದರೂ ಮಾಡಬೇಕೆನಿಸಿದರೆ, ನಿಮ್ಮ ಯೂರೋಪಿನ ಅಂಗಡಿಗಳಿಗೆ ಒಣ ಮಾವು ಎಲ್ಲಿಂದ ಬರುತ್ತದೆ, ಯಾರ ದಾರಿ ಮುಚ್ಚಿ ಬೆಳೆದದ್ದು ಎಂದು ಅಂಗಡಿಯಲ್ಲೇ ನಿಂತು ಗಟ್ಟಿಯಾಗಿ ಕೇಳಿ. ಅಲ್ಲಿ ನಿಮ್ಮ ಶಾಂತಿಪಾಠ ಮಾಡಿ.

ಬೈಯಿರಿ ಎಂದಿದ್ದೀರಿ. ಬೈಯುವುದಿಲ್ಲ. ಬೈಗುಳ ನೆಂಟರಿಗೆ ಮಾತ್ರ. ನೀವು ಇನ್ನೂ ಆಗಿಲ್ಲ.

ಜೆಜುಮಾ ಸಾನು


ದೆದುಗು
6 ಮೇ 2018

ಶ್ರೀ ಜೆಜುಮಾ ಸಾನು ಅವರಿಗೆ,

ತಂದೆಗೆ ಬಹಳ ಕಾಯಿಲೆ. ಕರೆತರಲು ಕಳಿಸಿದ ಗಾಡಿಯನ್ನು ಕಾವಲಿನವರು ಹಿಂದೆ ಕಳಿಸಿದರು. ಸಿದಿಬೆ ಎಂಬ ಹೆಸರು ಹೊತ್ತು ನಾನು ಆ ದಾರಿಯಲ್ಲಿ ಬರಲಾರೆ. ತಂದೆಯೂ ಹಟ್ಟಿ ಬಿಟ್ಟು ಬರಲು ಒಪ್ಪುತ್ತಿಲ್ಲ. ಯಾಕೆಂದು ನನ್ನ ತಮ್ಮ ಹಮ್ಮಾ ಕೇಳಿದ್ದಕ್ಕೆ, "ಇಲ್ಲಿ ಸತ್ರೆ ಬೊಬೊ ಬರ್ತಾನೆ. ಊರು ಬಿಟ್ಟು ಸತ್ರೆ ಯಾವ ಗುಲಾಮ ಬರ್ತಾನೆ?" ಅಂದರಂತೆ. ಅವರಿಗೆ ವಯಸ್ಸಾಗಿದೆ. ಕಾಲ ಬದಲಾದದ್ದು ಗೊತ್ತಿಲ್ಲ.

ಅವರು ತೀರಿಕೊಂಡರೆ ದಯವಿಟ್ಟು ಮಣ್ಣಿಗೆ ಬರಬೇಡಿ. ನೀವು ಹೋದರೆ ಕಾವಲಿನವರು ನಿಮ್ಮನ್ನು ದ್ರೋಹಿ ಎನ್ನುತ್ತಾರೆ. ಹಟ್ಟಿಯವರು ನೀವು ಕಾವಲಿನವರ ಕಡೆಯಿಂದ ಬಂದಿರಿ ಎನ್ನುತ್ತಾರೆ. ಎರಡರಲ್ಲಿ ಒಂದು ಕಡೆ ನಿಮಗೆ ಏಟು ಖಚಿತ. ಅಪ್ಪ ಬೈಗುಳವಿಲ್ಲದೆಯೇ ಮಣ್ಣಾಗಲಿ. ನಾನು ಅದಕ್ಕೆ ಸಿದ್ಧನಾಗಿದ್ದೇನೆ.

ಬೆಲ್ಕೊ ಸಿದಿಬೆ


ಕುರುಮಾನಿ
26 ಮೇ 2018

ಬೆಲ್ಕೊ,

ನಿನ್ನ ಅಪ್ಪ ತೀರಿಕೊಂಡ ಸುದ್ದಿ ನಿನಗೆ ಮುಟ್ಟಿರುತ್ತದೆ. ಮಣ್ಣಾದದ್ದು ಹೇಗೆಂದು ನನ್ನಿಂದ ಕೇಳು. ಬೇರೆಯವರು ಬೇರೆ ಥರ ಹೇಳಿಯಾರು.

ನಾನು ಹೋದೆ. ಹೋಗದೆ ಇರುವುದು ಹೇಗೆ? ಮುದುಕ ನನಗಾಗಿ ಹಟ್ಟಿ ಬಿಡಲಿಲ್ಲ ಎಂದು ನೀನೇ ಬರೆದು, ಬರಬೇಡ ಎಂದರೆ ಯಾರು ಕೇಳುತ್ತಾರೆ? ಸ್ನಾನ ಮಾಡಿ ಹೋದೆ.

ಶಾಲೆಯ ಮುಂದೆ ಕಾವಲಿನವರು ತಡೆದರು. "ಎಲ್ಲಿಗ್ ಹೊರಟ್ರಿ ಮೇಷ್ಟ್ರೇ?"

"ನನ್ನ ಗುಲಾಮ ಸತ್ತಿದಾನೆ. ಮೇಕೆ ಈಸ್ಕೊಂಡ್ ಬರ್ತೀನಿ."

ಒಬ್ಬ ವಯಸ್ಸಾದವನು ತಲೆ ತಗ್ಗಿಸಿದ. ಚಿಕ್ಕವನೊಬ್ಬ ಮಾತ್ರ, "ಹೋಗಿ ಹೋಗಿ. ಎಷ್ಟ್ ಮೇಕೆ ಉಳ್ದಿವೆ ನೋಡ್ಕೊಂಡ್ ಬನ್ನಿ, ನಮ್ಗೂ ಬೇಕು" ಅಂದ. ಅವರೆಲ್ಲ ನಕ್ಕರು. ಆ ನಗು ಬೇರೆ. ಬೆನ್ನ ಹಿಂದೆ ಅದನ್ನು ಕೇಳುತ್ತಲೇ ನಡೆದೆ.

ಹಟ್ಟಿಯ ಹಿಂದಿನ ಬೇವಿನ ಮರದ ಹತ್ತಿರ ಗೋರಿ ತೋಡಿದ್ದರು. ಗಂಡಸರು ಕೆಲವರೇ ಇದ್ದರು. ಹೆಂಗಸರು ದೂರದಲ್ಲಿ ಮೂಟೆಗಳ ಪಕ್ಕ ನಿಂತಿದ್ದರು. ಮೂಟೆ ನೋಡಿಯೂ ನನಗೆ ಹೊಳೆಯಲಿಲ್ಲ. ನಾನು ದೂರದಿಂದಲೇ ಕೂಗುತ್ತ ಹೋದೆ, ನನ್ನ ಅಪ್ಪ ಕೂಗಿದ ಹಾಗೆ. "ಎಲ್ಲೋ ಆ ಮುದಿ ಗುಲಾಮ? ಯಜಮಾನನಿಗೆ ಹೇಳ್ದೆ ಸಾಯೋವಷ್ಟು ಕೊಬ್ಬಾ ನಿಂಗೆ?" ಹೋದವನೇ ಗುಂಡಿಗೆ ಹಾರಿ ಮಲಗಿದೆ. "ಮೇಕೆ ತರ್ರೋ ಹಾಲುಕುಡುಕರಾ! ತರೋವರ್ಗೂ ಈ ಗುಂಡಿ ನಂದು!"

ಗೋರಿಯೊಳಗೆ ತಣ್ಣಗಿತ್ತು. ಮೇಲೆ ಆಕಾಶದ ಒಂದು ತುಂಡು, ಸುತ್ತ ಮುಖಗಳು. ಒಂದೂ ನಗಲಿಲ್ಲ.

ಕಾದೆ. ಮತ್ತೆ ಕೂಗಿದೆ. "ಏನ್ರೋ, ಮುದುಕನ ಜೊತೆ ನಿಮ್ ನಾಲಿಗೇನೂ ಸತ್ತೋಯ್ತಾ?"

ಮುಖಗಳು ಒಂದನ್ನೊಂದು ನೋಡಿದವು. ಆಮೇಲೆ ನಿನ್ನ ತಮ್ಮ ಹಮ್ಮಾ ಒಂದು ಮೇಕೆಯನ್ನು ಎಳೆದು ತಂದು ಗುಂಡಿಯ ಅಂಚಿನಲ್ಲಿ ನಿಲ್ಲಿಸಿದ. ನಾನು ಎತ್ತಿ ಆಡಿಸಿದ ಹುಡುಗ. ಎರಡೂ ಕೈಯಲ್ಲಿ ಹಗ್ಗ ಹಿಡಿದು ನನ್ನ ಕಡೆ ಚಾಚಿದ.

"ತಗೊಳ್ಳಿ ಸಾರ್. ಚೆನ್ನಾಗಿರೋದು ಇದೊಂದೇ. ಕಾವಲಿನ ಬಂದೂಕಿನೋರಿಗೆ ಹೇಳ್ಬಿಡಿ, ಹೂತ ತಕ್ಷಣ ನಾವು ಹೊರಟ್ಹೋಗ್ತೀವಿ. ಹೆಂಗಸರ ತಂಟೆಗೆ ಬರ್ಬೇಡಿ ಅನ್ನಿ."

ಬೆಲ್ಕೊ, ಅವನು ನನಗೆ ಕಪ್ಪ ಕೊಡುತ್ತಿದ್ದ.

"ಲೇ ಹಮ್ಮಾ! ನಾನು ಕಣೋ, ಜೆಜುಮಾ! ಬೈಯೋ ನನ್ನ!" ಅಂದೆ. ಗುಂಡಿಯಲ್ಲಿ ಎದ್ದು ಕೂತು ಬೇಡಿಕೊಂಡೆ. "ಒಂದೇ ಒಂದ್ ಸಲ ನಾಯಿ ತಿನ್ನೋನೇ ಅನ್ನೋ!"

"ನಾವು ಯಾರನ್ನೂ ಬೈಯಲ್ಲ ಸಾರ್."

ಹೆಂಗಸರ ಮಧ್ಯೆ ಕುಂಬಾ ಇದ್ದಳು. ಅವಳ ಬಾಯಿ ತೆರೆಯಿತು. ಕಂಡೆ ನಾನು. ಏನೋ ಹೊರಗೆ ಬರುವುದರಲ್ಲಿತ್ತು. ಅವಳ ಅಮ್ಮ ಹಿಂದಿನಿಂದ ಕೈ ಹಾಕಿ ಬಾಯಿ ಮುಚ್ಚಿದಳು.

ಎದ್ದು ಬಂದೆ. ಹೆಗಲು ಕೊಡಲು ಹೋದರೆ ಅವರು ಹೆಣವನ್ನು ಆ ಕಡೆಗೆ ತಿರುಗಿಸಿಕೊಂಡರು. ಮೇಕೆಯ ಹಗ್ಗ ಮಾತ್ರ ನನ್ನ ಕೈಯಲ್ಲಿ ಉಳಿಯಿತು. ಹಿಂದೆ ಕೊಡಲು ಹೋದರೆ, ಇಷ್ಟು ಸಾಲದು ಎನ್ನುತ್ತಿದ್ದೇನೆಂದು ತಿಳಿದು ಹಮ್ಮಾ ಇನ್ನೊಂದನ್ನು ಬಿಚ್ಚತೊಡಗಿದ. ಆಮೇಲೆ ನಾನು ನಿಲ್ಲಲಿಲ್ಲ.

ಸಂಜೆಗೆ ಹಟ್ಟಿ ಖಾಲಿಯಾಗಿತ್ತು. ಈಗ ಮಾವಿನ ತೋಟದವನ ಬೇಲಿ ನಿನ್ನ ಅಪ್ಪನ ಗೋರಿಯವರೆಗೂ ಬಂದಿದೆ. ಗೋರಿಯ ಮೇಲೆ ಬೇಲಿಯ ಕಂಬ ನೆಡಲು ಬಂದವರ ಮುಂದೆ ನಾನೂ ಸಿಯಾಕನೂ ಹೋಗಿ ಕೂತೆವು. ಅವನ ಮುರಿದ ತೋಳು ಇನ್ನೂ ಸರಿಯಾಗಿ ಎತ್ತಲಾಗುವುದಿಲ್ಲ, ಇನ್ನೊಂದರಲ್ಲಿ ಗುದ್ದಲಿ ಹಿಡಿದಿದ್ದ. "ಇವ್ನು ನಮ್ಮ ಗುಲಾಮ. ನಮ್ಮ ಗುಲಾಮನ ಮೇಲೆ ಕಂಬ ನೆಡೋಕೆ ನೀನ್ಯಾರು?" ಅಂದ. ಕಂಬ ಸ್ವಲ್ಪ ಹಿಂದೆ ಹೋಯಿತು. ಅಷ್ಟೇ ನಾವು ಗೆದ್ದದ್ದು.

ಮೇಕೆಯನ್ನು ಹುಣಸೆ ಮರಕ್ಕೆ ಕಟ್ಟಿದ್ದೇನೆ. ಅದನ್ನು ಕೊಯ್ಯಲಾರೆ, ಮಾರಲಾರೆ. ದೋಫಿನಿ ಸೊಪ್ಪು ಹಾಕುತ್ತಾನೆ. ಅದು ಬೈಗುಳವಿಲ್ಲದೆ ಬಂದ ಮೇಕೆ. ನನ್ನದಲ್ಲ.

ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಡ್ರೈವರ್ ನಿನ್ನನ್ನು ಹುಡುಕುತ್ತೇನೆ ಎಂದಿದ್ದಾನೆ. ಬಂದು ನನಗೆ ಬೈದು ಇದನ್ನು ಹಿಡಿದುಕೊಂಡು ಹೋಗು.

ಜೆಜುಮಾ


ಬಾನ್‌ಫೊರಾ ದಾಟಿ, ಗಡಿಯ ಹತ್ತಿರ
19 ಸೆಪ್ಟೆಂಬರ್ 2018

ಜೆಜುಮಾ,

ನಿನ್ನ ಪತ್ರ ಮೂರು ಲಾರಿ ಬದಲಿಸಿ ತಲುಪಿತು. ಕೆಲಸ ಬಿಟ್ಟು ಬಂದು ಮನೆಯವರನ್ನು ಸೇರಿಕೊಂಡೆ. ಒಂದು ಶಾಲೆಯ ಅಂಗಳದಲ್ಲಿ ಪ್ಲಾಸ್ಟಿಕ್ ಹೊದಿಸಿ ಇದ್ದೇವೆ. ಇಲ್ಲಿಯ ಜನ ಒಳ್ಳೆಯವರು. ಅಕ್ಕಿ ಕೊಡುತ್ತಾರೆ, ನೀರು ಕೊಡುತ್ತಾರೆ, ನಮ್ಮನ್ನು "ನೀವು" ಅನ್ನುತ್ತಾರೆ. ಯಾರೂ ನಮ್ಮನ್ನು ಬೈಯುವುದಿಲ್ಲ. ಇಲ್ಲಿ ನಾವು ಯಾರಿಗೂ ಏನೂ ಆಗಬೇಕಾಗಿಲ್ಲ.

ನೀನು ಗೋರಿಯಲ್ಲಿ ಮಲಗಿದ್ದನ್ನು ಎಲ್ಲರಿಗೂ ಓದಿ ಹೇಳಿದೆ. ಹಮ್ಮಾ ಎದ್ದು ಹೊರಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಅವನ ಕಣ್ಣು ಕೆಂಪಾಗಿತ್ತು. ನನ್ನ ಸಹಿಯ ಬಗ್ಗೆ ಯಾರೂ ಕೇಳುವುದಿಲ್ಲ. ಎಡಗಿವಿ ಮಾತ್ರ ಕೆಲವೊಮ್ಮೆ ಗುಯ್ಗುಡುತ್ತದೆ.

ಕುಂಬಾ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಅವತ್ತು ಅಮ್ಮ ಬಾಯಿ ಮುಚ್ಚಿದ್ದರಿಂದ ಹೇಳಲಾಗದ್ದನ್ನು ಈಗ ಬರೆಯಲೇಬೇಕೆಂದು ನನ್ನ ತೋಳು ಹಿಡಿದು ಜಗ್ಗುತ್ತಿದ್ದಾಳೆ. ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ:

"ಏಳೋ ಮೇಲೆ, ನಾಯಿ ತಿನ್ನೋ ಗುಲಾಮ! ಅದು ನಮ್ಮ ತಾತನ ಗುಂಡಿ. ನಿನ್ನ ಹೆಂಡದ ಹೊಟ್ಟೆ ಅದ್ರಲ್ಲಿ ಹಿಡಿಯಲ್ಲ. ಮೇಷ್ಟ್ರು ಅನ್ನೋದೆಲ್ಲ ಶಾಲೇಲಿ. ಗೋರೀಲಿ ನೀನ್ ಬರೀ ಬೊಬೊ!"

ಮುಗಿಯಿತು. ಈಗ ಮೇಕೆ ನಿನ್ನದು. ಆದರೆ ಅದನ್ನು ತಿಂದೀಯ, ಜೋಕೆ. ಬೊಬೊಗೆ ಮೇಕೆ ಸಾಕಲು ಬರುವುದಿಲ್ಲ, ಇಷ್ಟು ಹೊತ್ತಿಗೆ ಅದು ಮೂಳೆಯಾಗಿರುತ್ತದೆ, ನನಗೆ ಗೊತ್ತು. ಅದಕ್ಕೆ ಮರಿಯಾದರೆ ಒಂದು ದೋಫಿನಿಗೆ ಕೊಡು. ಪಕ್ಕದ ಜಾಗ ಬಿಟ್ಟುಕೊಂಡೇ ಕೂರಲು ಅವನಿಗೆ ಹೇಳು. ಕುಂಬಾಳ ಅಪ್ಪಣೆ.

ಮತ್ತೆ, ನಾನು ಆ ದಾರಿಯಲ್ಲಿ ಮತ್ತೆ ಬರುವಂತಾಗುವವರೆಗೆ ನೀನು ಸಾಯಕೂಡದು. ನಿನ್ನ ಗುಂಡಿಯಲ್ಲಿ ಮೊದಲು ಮಲಗಬೇಕಾದವನು ನಾನು. ನನ್ನನ್ನು ಕಾಯಿಸಿ ನಿನ್ನನ್ನು ಯಾರಾದರೂ ಸದ್ದಿಲ್ಲದೆ, ಮರ್ಯಾದೆಯಿಂದ ಹೂತರೆ, ಬಂದು ಅಗೆದು ತೆಗೆದು ಬೈಯುತ್ತೇನೆ.

ನಿನ್ನ ಯಜಮಾನ,
ಬೆಲ್ಕೊ